ಲೈಟು ಹಚ್ಚಿದರೆ ಎರೆ ಮಣ್ಣು ದಾರಿ ಬಿಡುತ್ತಾ?

ಸಂಪಾದಕರೇ,

ಮೊನ್ನೆ ಮಹಾಗಾಂವ ಕ್ರಾಸ್ ಆಚೆ ಎರೆ ಹೊಲದಲ್ಲಿ ಹೂತುಹೋದ ಜೀಪುಗಳ ಸುದ್ದಿ ಹಾಕಿದ್ದಿರಲ್ಲ, ಆ ಫೋಟೋದ ಮೂಲೆಯಲ್ಲಿ ಅರ್ಧ ಕಾಣುವ ಹಳೇ ಮಾರುತಿ ಜಿಪ್ಸಿ ನನ್ನದು. ನನ್ನ ಬಗ್ಗೆ ಒಂದಕ್ಷರ ಇಲ್ಲ, ಹೋಗಲಿ. ಆದರೆ ಗಾಡಿಗಳಿಗೆ ಇನ್ನೂ ಜಾಸ್ತಿ ಮಾಡಿಫಿಕೇಶನ್ ಬೇಕಿತ್ತು ಅಂತ ಆ ಜೀಪಿನವರು ಹೇಳಿದ್ದನ್ನು ಹಾಗೇ ಅಚ್ಚು ಹಾಕಿದ್ದೀರಿ. ಓದಿ ಚಹಾ ಗಂಟಲಲ್ಲೇ ನಿಂತಿತು.

ಇನ್ನೇನು ಬೇಕಿತ್ತು ಸ್ವಾಮಿ? ಗಾಡಿ ನಾಲ್ಕು ಇಂಚು ಎತ್ತರ ಮಾಡಿಸಿದ್ದರು. ಪಕ್ಕದಲ್ಲಿ ಸ್ನಾರ್ಕೆಲ್ (ಇಂಜಿನ್ನಿಗೆ ಮೇಲಿಂದ ಗಾಳಿ ಎಳೆಯೋ ಕೊಳವೆ), ಮುಂದೆ ವಿಂಚ್ (ಹೂತ ಗಾಡಿ ಎಳೆಯೋ ಹಗ್ಗ ಸುತ್ತಿದ ಯಂತ್ರ), ತಲೆ ಮೇಲೆ ಮದುವೆ ಮಂಟಪಕ್ಕೆ ಸಾಕಾಗುವಷ್ಟು ಲೈಟು. ಅದೂ ಬೆಳಗ್ಗೆ ಹನ್ನೊಂದಕ್ಕೆ! ನಾನು ಚಿಂಚೋಳಿಗೆ ತಂಗಿ ಮಗಳ ಕುಬಸಕ್ಕೆ (ಸೀಮಂತಕ್ಕೆ) ಹೊರಟವನು, ಬಿಳಿ ಅಂಗಿ ಬೇರೆ. ನೋಡೋಕೆ ಬಂದವರ ಬೈಕುಗಳಿಂದ ದಾರಿ ಬಂದ್. ಹೇಗೂ ನಿಲ್ಲಬೇಕು, ನನ್ನ ಹತ್ತಿರ ಹಗ್ಗವೂ ಇತ್ತು ಅಂತ ಇಳಿದೆ. ಅದೇ ತಪ್ಪಾಯಿತು.

ಅವರ ವಿಂಚ್ ಕಟ್ಟೋಕೆ ಸುತ್ತ ಒಂದು ಮರ ಇಲ್ಲ. ತೊಗರಿ ಗಿಡಕ್ಕೆ ಕಟ್ಟುತ್ತಾರಾ? ಕೊನೆಗೆ ನನ್ನ ಜಿಪ್ಸಿಗೆ ಕಟ್ಟಿದರು. ಅವರದು ಮೇಲೆ ಬರಲಿಲ್ಲ, ನನ್ನದು ಕೆಳಗೆ ಹೋಯಿತು. ಕ್ಲಚ್ ಸುಟ್ಟ ವಾಸನೆ ಇನ್ನೂ ಮೂಗಲ್ಲಿದೆ. ಎಲ್ಲರನ್ನೂ ಎಳೆದು ಹಾಕಿದ್ದು ಪಕ್ಕದ ಹೊಲದ ಹುಡುಗನ ಟ್ರ್ಯಾಕ್ಟರ್. "ಇಷ್ಟು ಲೈಟ್ ಹಚ್ಚೀರಿ ಖರೆ, ಎರಿ ಮಣ್ಣು ಬೆಳಕಿಗಿ ಹೆದರಂಗಿಲ್ಲರಿ ಸಾರ್" ಅಂದ. ನಿಮ್ಮ ವರದಿಗಾರರು ಬರೆಯಬೇಕಿದ್ದ ಮಾತು ಅದು.

ನಾನೂ ಈ ಹುಚ್ಚು ಇರೋನೇ. ಹದಿನೈದು ವರ್ಷದಿಂದ ಬಂಡಿ ದಾರಿ, ಹಳ್ಳ, ಕಲ್ಲುಗಣಿ ಸುತ್ತಿದ್ದೀನಿ. ಹಸಿ ಎರೆ ಮಣ್ಣು ಟೈರಿನ ಗಟ್ಟೆಗಳ ಸಂದಿಗೆಲ್ಲ ಮೆತ್ತಿಕೊಂಡರೆ ಎಷ್ಟು ದುಬಾರಿ ಮಡ್ ಟೈರಾದರೂ ಬೋಳು ಟೈರೇ. ಅದಕ್ಕೆ ಮದ್ದು ಅಂದರೆ ಎರಡು ದಿನ ಬಿಸಿಲು ಬೀಳಲಿ ಅಂತ ಕಾಯೋದು. ಉಳಿದ ದಾರಿಗಳಿಗೆ ಕಂಪನಿ ಕೊಟ್ಟ ಗಾಡಿಯೇ ಸಾಕು. ಮಹೀಂದ್ರಾ ಥಾರ್ ಜೀಪಿಗೆ ನೆಲದಿಂದ 226 ಮಿಲಿಮೀಟರ್ ಎತ್ತರ ಇದೆ, 650 ಮಿಲಿಮೀಟರ್ ನೀರಿನಲ್ಲಿ ಹೋಗುತ್ತೆ ಅಂತ ಕಂಪನಿಯೇ ಹೇಳುತ್ತೆ. ಅದಕ್ಕಿಂತ ಆಳದ ಹಳ್ಳಕ್ಕೆ ಇಳಿಯೋನಿಗೆ ಬೇಕಿರೋದು ಸ್ನಾರ್ಕೆಲ್ ಅಲ್ಲ, ಬುದ್ಧಿ. ಒಳ್ಳೇ ಟೈರು, ಚಾಸಿಗೆ ಗಟ್ಟಿ ಕೂತ ಹುಕ್ಕು ಹಿಂದೆ ಮುಂದೆ, ಗಾಡಿ ಎಳೆಯೋಕೆ ಒಂದು ಬೆಲ್ಟು, ಒಂದು ಸಲಿಕೆ, ಕಲ್ಲಿನ ದಾರಿ ಇದ್ದರೆ ಹೊಟ್ಟೆ ಕೆಳಗೆ ಒಂದು ತಗಡು. ಆಯ್ತು. ಇನ್ನೊಂದು, ಟೈರಿನ ಗಾಳಿ. ಮೂವತ್ತು ಚಿಲ್ಲರೆ ಇರೋದನ್ನು ಹದಿನೆಂಟು ಇಪ್ಪತ್ತಕ್ಕೆ ಇಳಿಸಿದರೆ ಟೈರು ನೆಲಕ್ಕೆ ಅಗಲವಾಗಿ ಕೂರುತ್ತೆ, ಮೆತ್ತನೆ ಮಣ್ಣಲ್ಲಿ ಅರ್ಧ ತೊಂದರೆ ತಪ್ಪುತ್ತೆ. ವಾಪಸ್ ಡಾಂಬರು ಸಿಕ್ಕ ಕೂಡಲೇ ತುಂಬಿಸಿಕೊಳ್ಳಬೇಕು ಅಷ್ಟೇ. ಖರ್ಚಿಲ್ಲದ ಕೆಲಸ. ಲಕ್ಷಗಟ್ಟಲೆ ಸುರಿದ ಅವರಲ್ಲಿ ಒಬ್ಬನ ಹತ್ತಿರವೂ ಗಾಳಿ ನೋಡುವ ಗೇಜ್ ಇರಲಿಲ್ಲ! ಎತ್ತರ ಮಾಡಿಸಿದ ಗಾಡಿ ವಾರೆ ದಾರಿಯಲ್ಲಿ ಬೇಗ ಮಗುಚುತ್ತೆ, ಶಾಫ್ಟಿನ ಜಾಯಿಂಟು ಬೇಗ ಸವೆಯುತ್ತೆ ಅನ್ನೋದನ್ನು ಅವರಿಗೆ ಯಾವ ಮಿಸ್ತ್ರಿಯೂ ಹೇಳಿಲ್ಲ. ಹೇಳಿದರೆ ಅವನ ವ್ಯಾಪಾರ ಏನಾಗಬೇಕು?

ಇಷ್ಟಕ್ಕೇ ಮುಗಿದಿದ್ದರೆ ಈ ಪತ್ರ ಬರೆಯುತ್ತಿರಲಿಲ್ಲ. ಕುಬಸದ ಊಟ ತಪ್ಪಿಸಿಕೊಂಡು ಸಂಜೆ ವಾಪಸ್ ಬರುವಾಗ ರಿಂಗ್ ರೋಡಲ್ಲಿ ತಪಾಸಣೆ. ನಂಬರ್ ಪ್ಲೇಟ್ ಕಾಣಿಸ್ತಿಲ್ಲ, ರಾಡಿ ಮೆತ್ತಿದೆ ಅಂತ ನನಗೆ ಐನೂರು ರೂಪಾಯಿ. ರಾಡಿ ಯಾಕೆ ಮೆತ್ತಿತು ಅಂತ ಹೇಳೋಕೆ ಹೋದರೆ ಕೇಳೋರಿಲ್ಲ. ಅಷ್ಟರಲ್ಲಿ ಅದೇ ಜೀಪುಗಳು ಲೈಟು ಉರಿಸಿಕೊಂಡು ಪಕ್ಕದಲ್ಲೇ ಹೋದವು. ಒಂದಕ್ಕೂ ಕೈ ಅಡ್ಡ ಹಾಕಲಿಲ್ಲ. ಸೆಲ್ಯೂಟ್ ಒಂದು ಬಾಕಿ.

ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಇರೋದು 1988ರಿಂದ. ಕಂಪನಿ ಮಾಡಿದ ಮೂಲ ರೂಪ ಬದಲಿಸುವ ಹಾಗಿಲ್ಲ ಅಂತ ಸುಪ್ರೀಂ ಕೋರ್ಟ್ 2019ರಲ್ಲೇ ಹೇಳಿದೆ. ಈಗ ಒಂದೊಂದು ಬದಲಾವಣೆಗೂ ಐದು ಸಾವಿರ ದಂಡ ಇದೆ. 2017ರ ಕೊನೆಗೆ ಬಂಪರ್ ಮುಂದೆ ಕಬ್ಬಿಣದ ಗಾರ್ಡ್ ಹಾಕಬಾರದು ಅಂತ ಕೇಂದ್ರದಿಂದ ಬಂದಾಗ ನಾನು ನನ್ನದನ್ನು ಬಿಚ್ಚಿ ಗುಜರಿಗೆ ಹಾಕಿದೆ. ಪೆದ್ದ ನಾನು.

ಇದೇ ಜಿಪ್ಸಿಗೆ ಹದಿನೈದು ವರ್ಷ ಆಯಿತು ಅಂತ ಆರ್‌ಸಿ ನವೀಕರಣಕ್ಕೆ ಹೋದಾಗ ಒಂದು ಕಚೇರಿಯಲ್ಲಿ ನನ್ನನ್ನು ನಾಲ್ಕು ಸಲ ಅಲೆಸಿದರು. ಒಂದು ದಿನ ಸರ್ವರ್ ಇಲ್ಲ, ಒಂದು ದಿನ ಸಾಹೇಬರು ಇಲ್ಲ, ಒಂದು ದಿನ ಇಬ್ಬರೂ ಇದ್ದರು, ಫೈಲ್ ಇಲ್ಲ. ನಮ್ಮ ಬಡಾವಣೆಯಲ್ಲಂತೂ ಒಳಚರಂಡಿ ಮುಚ್ಚಳಗಳು ರಸ್ತೆಗಿಂತ ಅರ್ಧ ಅಡಿ ಮೇಲೆ ನಿಂತು ಎರಡು ಮಳೆಗಾಲ ಕಳೆಯಿತು. ಗಾಡಿ ಎತ್ತರ ಮಾಡಿಸಬೇಕಾದವರು ನಾವು, ಚಿಂಚೋಳಿ ಕಡೆ ಹೋಗುವವರಲ್ಲ.

ಹಿಡಿಯೋದಾದರೆ ಎಲ್ಲರನ್ನೂ ಹಿಡಿಯಿರಿ, ಇಲ್ಲಾಂದ್ರೆ ಯಾರನ್ನೂ ಹಿಡಿಯಬೇಡಿ. ಗ್ಯಾರೇಜಿನವರನ್ನೂ ಕೇಳಿ. ಆ ಮುಚ್ಚಳಗಳನ್ನೂ ನೋಡಿ. ನನ್ನ ಐನೂರು ವಾಪಸ್ ಬರಲ್ಲ ಅಂತ ಗೊತ್ತು. ಆ ಟ್ರ್ಯಾಕ್ಟರ್ ಹುಡುಗನ ಡೀಸೆಲ್ ದುಡ್ಡನ್ನಾದರೂ ಆ ಸಾಹಸಿಗರು ಕೊಟ್ಟರೋ ಇಲ್ಲವೋ, ನಿಮ್ಮ ವರದಿಗಾರರು ಕೇಳಿ ಬರೆಯಲಿ.

– ಜಿಪ್ಸಿಯ ಯಜಮಾನ, ಕಲಬುರಗಿ