ಹಳೇ ಸೈಕಲ್ಲೇ ತಗೋ, ಪುಟ್ಟಿ

ಪುಟ್ಟಿ,

ನಿನ್ನೆ ರಾತ್ರಿ ನೀನು ಫೋನ್ ಇಟ್ಟ ಮೇಲೆ ಅಮ್ಮ ನನ್ನ ಜೊತೆ ಮಾತಾಡಿಲ್ಲ. ನನ್ನ ದುಡ್ಡಲ್ಲೇ ಸೆಕೆಂಡ್ ಹ್ಯಾಂಡ್ ಸೈಕಲ್ ತಗೋತೀನಿ ಅಂತ ನೀನಂದಾಗ, ಬೇಡ, ಹೊಸದೇ ಕೊಡಿಸುತ್ತೇನೆ ಅಂದಿದ್ದು ನಿನ್ನ ದುಡಿಮೆಯನ್ನು ಕಡೆಗಣಿಸೋಕಲ್ಲ ಕಣಮ್ಮ. ಮೊದಲ ಸಂಬಳದಲ್ಲಿ ಮಗಳು ಸೈಕಲ್ ತಗೋತಾಳಂತೆ ಎಂದು ಬೆಳಿಗ್ಗೆ ಹಾಲಿನ ಡೈರಿಯಲ್ಲಿ ಸಿಕ್ಕವರಿಗೆಲ್ಲ ಹೇಳಿ ಬಂದಿದ್ದೇನೆ.

ನನ್ನ ಭಯವೇ ಬೇರೆ. ತುಮಕೂರಿಂದ ದೇವರಾಯನದುರ್ಗಕ್ಕೆ ಹೋಗುತ್ತೇನೆ ಅಂದೆಯಲ್ಲ. ಹತ್ತುವುದು ಬಿಡು, ಸುಸ್ತಾದರೆ ತಳ್ಳಿಕೊಂಡು ಹೋಗಬಹುದು. ಇಳಿಯುವುದೇ ಚಿಂತೆ. ಚಿಕ್ಕಪ್ಪನ ಕಾಲಿನ ವಿಷಯ ನಿನಗೆ ಗೊತ್ತೇ ಇದೆ. ನಂದಿ ಬೆಟ್ಟದ ಇಳಿಜಾರು. ಹಿಂದಿನ ಬ್ರೇಕ್ ಮೊದಲೇ ಸವೆದಿತ್ತು, ಮುಂದಿನ ವೈರ್ ಕಿತ್ತುಬಂತು. ಆ ಹಳೇ ಸೈಕಲ್ಲಿಗೆ ಹೊಸ ಪೇಂಟ್, ಹೊಸ ಗ್ರಿಪ್, ನೋಡೋಕೆ ಚೆನ್ನಾಗೇ ಇತ್ತು. ಆಮೇಲೆ ಹ್ಯಾಂಡಲ್ ಮೇಲಿನ ಬ್ರೇಕ್ ಲಿವರ್ ಬಿಚ್ಚಿ ನೋಡಿದರೆ ಒಳಗೆ ವೈರಿನ ಎಳೆಗಳು ತುಕ್ಕು ಹಿಡಿದು ಒಂದೊಂದಾಗಿ ತುಂಡಾಗಿದ್ದವು. ಹೊರಗಿಂದ ಚೂರೂ ಕಾಣುತ್ತಿರಲಿಲ್ಲ. ಆ ವೈರ್ ಹಿಡಿದುಕೊಂಡೇ ಆಸ್ಪತ್ರೆ ಮುಂದೆ ಕೂತಿದ್ದೆ. ಈಗಲೂ ಯಾರಾದರೂ ಇಳಿಜಾರಲ್ಲಿ ಸೈಕಲ್ ಬಿಟ್ಟರೆ ನನ್ನ ಬೆರಳು ತಾನಾಗೇ ಬ್ರೇಕ್ ಹಿಡಿಯುತ್ತವೆ.

ಆದರೂ ನಿನ್ನ ಮಾತಲ್ಲಿ ನ್ಯಾಯ ಇದೆ. ಈಗ ತಾನೇ ಶುರು ಮಾಡುವವರಿಗೆ ಎಂಥ ಸೈಕಲ್ ಬೇಕು ಅಂತ ಓಡಿಸದೆ ಗೊತ್ತಾಗಲ್ಲ. ಅಷ್ಟೇ ದುಡ್ಡಿಗೆ ಹೊಸದು ಅಂದರೆ ಕುಲುಕಾಟ ತಡೆಯೋ ಸಸ್ಪೆನ್ಷನ್ ಹಾಕಿ ಭಾರ ಮಾಡಿದ್ದೇ ಜಾಸ್ತಿ ಸಿಗುತ್ತೆ, ಏರಲ್ಲಿ ತುಳಿಯೋಕಾಗಲ್ಲ. ಹಳೇದೇ ತಗೋ.

ಆದರೆ ಹಗಲು ಹೊತ್ತಲ್ಲಿ ನೋಡು. ಹ್ಯಾಂಡಲ್ ಕೆಳಗೆ ಪೈಪುಗಳು ಕೂಡುವ ಜಾಗದಲ್ಲಿ ಬೆರಳಾಡಿಸು. ಅಲ್ಯೂಮಿನಿಯಂ ಫ್ರೇಮಿನಲ್ಲಿ ಕೂದಲೆಳೆಯಷ್ಟು ಬಿರುಕಿದ್ದರೂ ಬೇಡ. ಹೊಸ ಪೇಂಟ್ ಕಂಡರೆ ಏನನ್ನೋ ಮುಚ್ಚಿದ್ದಾರೆ ಅಂತಲೇ ತಿಳಿ. ಚಕ್ರ ಎತ್ತಿ ತಿರುಗಿಸು, ಓಲಾಡಬಾರದು. ಸೀಟಿನಿಂದ ಮುಂದೆ ಬಂದು ನಿಂತರೆ ಎರಡೂ ಪಾದ ನೆಲಕ್ಕೆ ಊರಬೇಕು, ಮೇಲಿನ ಪೈಪ್ ತಾಗಬಾರದು. ಅಳತೆಗೆ ದೊಡ್ಡದಾದರೆ ಎಷ್ಟೇ ಅಗ್ಗವಾದರೂ ಬಿಟ್ಟುಬಿಡು. ಬಿಲ್ ಕೇಳು. ಸಾಮಾನ್ಯವಾಗಿ ಎರಡೂ ಪೆಡಲ್‌ಗಳ ನಡುವೆ ಅಚ್ಚು ಹಾದುಹೋಗುವ ಫ್ರೇಮಿನ ಅಡಿಯಲ್ಲಿ ಫ್ರೇಮ್ ನಂಬರ್ ಕೊರೆದಿರುತ್ತೆ. ಬಿಲ್ಲಿನಲ್ಲಿ ನಂಬರಿದ್ದರೆ ಅದಕ್ಕೆ ತಾಳೆ ನೋಡು. ಕದ್ದ ಮಾಲು ನಮಗೆ ಬೇಡ. ಜಾಸ್ತಿ ಹೇಳಿದೆನಾ? ಬೇಜಾರು ಮಾಡ್ಕೋಬೇಡ.

ಬ್ರೇಕ್ ವೈರ್, ರಬ್ಬರ್ ಚೆನ್ನಾಗಿವೆ ಅಂತ ಯಾರು ಹೇಳಿದರೂ ನಂಬಬೇಡ. ತಂದ ದಿನವೇ ಎಲ್ಲ ಹೊಸದು ಹಾಕಿಸು. ಅದರ ದುಡ್ಡು ಮಾತ್ರ ನಾನೇ ಕೊಡುತ್ತೇನೆ, ಬೇಡ ಅನ್ನಬೇಡ. ಹೆಲ್ಮೆಟ್ಟಿನ ದುಡ್ಡು ಅಮ್ಮನದು.

ಭಾನುವಾರ ನೋಡೋಕೆ ಹೋಗುವುದಾದರೆ ಶನಿವಾರವೇ ಹೇಳು, ಚಿಕ್ಕಬಳ್ಳಾಪುರದಿಂದ ಮೊದಲ ಬಸ್ಸಿಗೇ ಹೊರಡುತ್ತೇನೆ.

ಅಪ್ಪ