ಬಚ್ಚಲುಮನೆಯ ಗಾಳಿಕಿಂಡಿಯನ್ನು ನೋಡುವವರು ಯಾರು?

ಮಾನ್ಯ ಸಂಪಾದಕರೇ,

ಚಳಿ ಶುರುವಾಯಿತೆಂದರೆ, ಗ್ಯಾಸ್ ಗೀಸರ್ ಉರಿಯುತ್ತಿದ್ದ ಬಚ್ಚಲುಮನೆಯಲ್ಲಿ ಉಸಿರುಗಟ್ಟಿ ಸತ್ತವರ ಸುದ್ದಿ ಬೆಂಗಳೂರಿನ ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಕಾಣಿಸುತ್ತದೆ. ‘ಅನಿಲ ಸೋರಿಕೆ ಶಂಕೆ’ ಎಂಬಲ್ಲಿಗೆ ಆ ಸುದ್ದಿ ಮುಗಿಯುವುದೇ ಹೆಚ್ಚು. ಸೋರಿದ ಅಡುಗೆ ಅನಿಲವಾದರೆ ವಾಸನೆಯಿಂದ ಗೊತ್ತಾಗುತ್ತದೆ. ಮುಚ್ಚಿದ ಕೋಣೆಯಲ್ಲಿ ಆಮ್ಲಜನಕ ಸಾಲದೆ ಅನಿಲ ಅರೆಬರೆ ಉರಿದಾಗ ಹುಟ್ಟುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ರಕ್ತದಲ್ಲಿರುವ ಹಿಮೋಗ್ಲೋಬಿನ್ ಅದನ್ನು ಆಮ್ಲಜನಕಕ್ಕಿಂತ 200 ಪಟ್ಟಿಗೂ ಹೆಚ್ಚು ಬಿಗಿಯಾಗಿ ಹಿಡಿದುಕೊಳ್ಳುವುದರಿಂದ, ತಲೆ ಸುತ್ತುತ್ತಿದೆ ಎಂದು ಅರಿವಾಗುವ ಹೊತ್ತಿಗೆ ಚಿಲಕ ತೆಗೆಯುವ ತ್ರಾಣವೂ ಕೆಲವರಲ್ಲಿ ಉಳಿದಿರುವುದಿಲ್ಲ.

ಇದನ್ನು ಬಳಸುವವರ ಅಜಾಗರೂಕತೆ ಎಂದು ತಳ್ಳಿಹಾಕುವುದು ಸುಲಭ. ನಾನು ಬಾಡಿಗೆಗಿರುವ ಬಡಾವಣೆಯಲ್ಲಿ 20x30 ಅಡಿ ನಿವೇಶನಗಳಲ್ಲಿ ಸುತ್ತ ಬಿಡಬೇಕಾದ ಜಾಗವನ್ನು ಬಿಡದೆ ಮೇಲೆ ಮೇಲೆ ಮನೆ ಕಟ್ಟಿದ್ದಾರೆ. ಬಚ್ಚಲಿನ ವೆಂಟಿಲೇಟರ್‌ನ ಗಾಜಿನ ಪಟ್ಟಿ ಸರಿಸಿ ಕೈ ಚಾಚಿದರೆ ಪಕ್ಕದ ಮನೆಯ ಗೋಡೆ ಸಿಗುತ್ತದೆ. ಸೊಳ್ಳೆ, ಚಳಿ, ನೆರೆಯವರ ಕಣ್ಣು ಎಂದು ಆ ಕಿಂಡಿಗೂ ರಟ್ಟು ತುರುಕಿದವರಿದ್ದಾರೆ. ಗೀಸರನ್ನು ಹೊರಗಿಟ್ಟು ಬಿಸಿನೀರನ್ನಷ್ಟೇ ಪೈಪಿನಲ್ಲಿ ಒಳಕ್ಕೆ ತರುವುದೇ ಸರಿಯಾದ ಕ್ರಮವಾದರೂ, ಹೊರಗಿಡಲು ಯುಟಿಲಿಟಿಯೇ (ಪಾತ್ರೆ, ಬಟ್ಟೆ ತೊಳೆಯುವ ತೆರೆದ ಜಾಗ) ಇಲ್ಲದ ಮನೆಗಳಲ್ಲಿ ಸಿಲಿಂಡರ್ ಸಮೇತ ಅದು ಬಚ್ಚಲೊಳಗೇ ಕೂತಿದೆ. ಗೋಡೆಗೆ ಮೊಳೆ ಹೊಡೆಯಲೂ ಮಾಲೀಕರ ಅಪ್ಪಣೆ ಬೇಕಾದ ಬಾಡಿಗೆದಾರ ಗಾಳಿಕಿಂಡಿ ಕೊರೆಸುವುದು ಆಗುವ ಮಾತಲ್ಲ.

ನಿಯಮಗಳಿಗೇನೂ ಬರವಿಲ್ಲ. 2016ರಲ್ಲಿ ಪರಿಷ್ಕೃತವಾದ ರಾಷ್ಟ್ರೀಯ ಕಟ್ಟಡ ಸಂಹಿತೆಯು ಬಚ್ಚಲಿನ ಒಂದು ಗೋಡೆಯಾದರೂ ಹೊರಗಾಳಿಗೆ ತೆರೆದಿರಬೇಕೆಂದು ಬಯಸುತ್ತದೆ. ಆದರೆ ಸಂಹಿತೆ ಮಾರ್ಗದರ್ಶಿಯಷ್ಟೆ. ಸ್ಥಳೀಯ ಬೈಲಾಗಳಲ್ಲಿ ಸೇರಿ, ಯಾರಾದರೂ ಬಂದು ನೋಡಿದಾಗಲೇ ಅದಕ್ಕೆ ಬೆಲೆ.

ಹಾಗೆ ನೋಡಲು ಇದ್ದ ಅವಕಾಶವೆಂದರೆ, ಕಟ್ಟಡ ನಿಯಮದಂತೆ ಮುಗಿದಿದೆಯೇ ಎಂದು ಪರಿಶೀಲಿಸಿ ವಾಸಕ್ಕೆ ಒಪ್ಪಿಗೆ ನೀಡುವ ಸ್ವಾಧೀನಾನುಭವ ಪತ್ರ (ಒ.ಸಿ.). ಅದಿಲ್ಲದ ಕಟ್ಟಡಗಳಿಗೆ ವಿದ್ಯುತ್, ನೀರಿನ ಸಂಪರ್ಕ ಕೊಡಬಾರದೆಂದು ಸುಪ್ರೀಂ ಕೋರ್ಟ್ 2024ರ ಡಿಸೆಂಬರ್‌ನಲ್ಲಿ ಹೇಳಿದ ಬಳಿಕ ರಾಜ್ಯದಲ್ಲಿ ಸಾವಿರಾರು ಮನೆಗಳು ಕತ್ತಲಲ್ಲಿ ಉಳಿದವು. 2025ರಲ್ಲಿ ಸರ್ಕಾರ 1,200 ಚದರ ಅಡಿವರೆಗಿನ ನಿವೇಶನಗಳ ಸಣ್ಣ ಮನೆಗಳಿಗೆ ಆ ಪತ್ರದಿಂದ ವಿನಾಯಿತಿ ನೀಡಿತು. ಸಾಲ ಮಾಡಿ ಮನೆ ಕಟ್ಟಿದವರ ಪಾಡು ಕಂಡವರಾರೂ ಈ ವಿನಾಯಿತಿಯನ್ನು ಹಳಿಯಲಾರರು, ನಾನೂ ಹಳಿಯುವುದಿಲ್ಲ. ಆದರೆ ಗಾಳಿ ಬೆಳಕಿನ ಕೊರತೆ ಅತಿ ಹೆಚ್ಚಾಗಿ ಕಾಣುವುದು ಇಂಥ ಸಣ್ಣ ನಿವೇಶನಗಳ ಬಾಡಿಗೆ ಮನೆಗಳಲ್ಲೇ. ಕಾಗದದ ಕಿರುಕುಳ ತಪ್ಪಿಸುವ ಭರದಲ್ಲಿ ತಪಾಸಣೆಯೂ ಕೈಬಿಟ್ಟುಹೋಗಬಾರದು.

2024ರ ಅಕ್ಟೋಬರ್‌ನಲ್ಲಿ ಬೆಂಗಳೂರಿನ ಬಾಬುಸಾಪಾಳ್ಯದಲ್ಲಿ ನಿರ್ಮಾಣ ಹಂತದ ಕಟ್ಟಡ ಕುಸಿದಾಗ ಸಚಿವರು, ಅಧಿಕಾರಿಗಳೆಲ್ಲ ಧಾವಿಸಿದ್ದರು. ಬಚ್ಚಲಿನ ಸಾವಿಗೆ ಹಾಗೆ ಯಾರೂ ಬರುವುದಿಲ್ಲ. ಆದ್ದರಿಂದ ವಿನಾಯಿತಿ ಪಡೆದ ಮನೆಗಳಿಗೆ ಮೀಟರ್ ಅಳವಡಿಸುವ ಮುನ್ನ ಬಚ್ಚಲು ಮತ್ತು ಅಡುಗೆಮನೆಯ ಗಾಳಿಕಿಂಡಿಗಳು ಬಯಲಿಗೆ ತೆರೆದಿವೆಯೆಂದು ನೋಂದಾಯಿತ ಎಂಜಿನಿಯರ್ ಫೋಟೊ ಸಹಿತ ದೃಢೀಕರಿಸುವುದನ್ನು ನಗರಾಭಿವೃದ್ಧಿ ಇಲಾಖೆ ಕಡ್ಡಾಯಗೊಳಿಸಲಿ. ಗ್ಯಾಸ್ ಗೀಸರನ್ನು ಬಚ್ಚಲೊಳಗೆ ಜೋಡಿಸಿಕೊಡುವ ಮಾರಾಟಗಾರರನ್ನೂ ಹೊಣೆ ಮಾಡಲಿ. ಈಗಾಗಲೇ ಬಾಡಿಗೆಗೆ ಕೊಟ್ಟಿರುವ ಮನೆಗಳ ಮಾಲೀಕರಿಗೆ ಕಿಂಡಿ ತೆರೆಸಲು ಒಂದು ಗಡುವು ಕೊಡುವುದಾದರೆ, ಅದು ಮುಂದಿನ ಚಳಿಗಾಲಕ್ಕೆ ಮೊದಲೇ ಇರಲಿ.

– ಒಬ್ಬ ಬಾಡಿಗೆದಾರ, ಬೆಂಗಳೂರು