ಲಾಂಗ್ ಬೀಚಿಗೆ ಹೋಗಲಿರುವ ಗೆಳೆಯನಿಗೆ

ಪ್ರೀತಿಯ ಗೆಳೆಯ,

ಮಗಳ ಮನೆಗೆ ಹೊರಟಿದ್ದೀಯ, ಲಾಸ್ ಏಂಜಲಿಸ್ ಹತ್ತಿರವೇ ಇರುತ್ತೀಯ ಅಂತ ಕೇಳಿ ಖುಷಿಯಾಯಿತು. ಮೊಮ್ಮಗುವನ್ನು ಎತ್ತಿ ಆಡಿಸಿ, ಪ್ರಯಾಣದ ಆಯಾಸವೆಲ್ಲ ಇಳಿದ ಮೇಲೆ ಒಂದು ದಿನ ಬಿಡುವು ಮಾಡಿಕೊಂಡು ಲಾಂಗ್ ಬೀಚಿಗೆ ಹೋಗಿ ಬಾ. ಡಿಸ್ನಿಲ್ಯಾಂಡಿಗೆ ಅವರೇ ಕರೆದುಕೊಂಡು ಹೋಗುತ್ತಾರೆ. ಲಾಂಗ್ ಬೀಚಿಗೆ ಮಾತ್ರ ನೀನೇ ಹಟ ಹಿಡಿಯಬೇಕು. ಅಲ್ಲಿ ಕ್ವೀನ್ ಮೇರಿ ಹಡಗಿದೆ. 1967ರ ಡಿಸೆಂಬರ್ 9ರಂದು ಬಂದು ಲಂಗರು ಹಾಕಿದ್ದು, ಇವತ್ತಿಗೂ ಅಲ್ಲೇ ಇದೆ.

ಫೋನಿನಲ್ಲಿ ನೀನು ಕೇಳಿದೆ, "ಮುಂಬೈಯಿಂದ ಕ್ರೂಸ್ ಹೋಗಿ ಬಂದಾಯ್ತಲ್ಲ ಮಾರಾಯಾ, ಹಳೇ ಹಡಗಿನಲ್ಲಿ ಇನ್ನೇನು ನೋಡೋದು?" ಅಂತ. ಫೋನಿನಲ್ಲಿ ಹೇಳಿ ಮುಗಿಯುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನೀನು ಹತ್ತಿದ್ದು ಕ್ರೂಸ್ ಹಡಗು. ಅದಕ್ಕೆ ಎಲ್ಲಿಗೂ ಹೋಗಬೇಕಾದ ಅವಸರ ಇಲ್ಲ. ಗಾಳಿ ಜಾಸ್ತಿಯಾದರೆ ದಾರಿ ಬದಲಿಸುತ್ತದೆ, ಬಂದರನ್ನೇ ಬಿಟ್ಟುಬಿಡುತ್ತದೆ. ಕ್ವೀನ್ ಮೇರಿಯಂಥ ಲೈನರ್ ಹಾಗಲ್ಲ. ಅದು ನಮ್ಮ ಎಕ್ಸ್‌ಪ್ರೆಸ್ ಬಸ್ಸಿನ ಹಾಗೆ, ಇಂಥ ದಿನ ಇಲ್ಲಿಂದ ಹೊರಟು ಇಂಥ ದಿನ ಅಲ್ಲಿ ಸೇರಲೇಬೇಕು. ಹೊಟ್ಟೆಯಲ್ಲಿ ಸರ್ಕಾರದ ಟಪಾಲು ಇರುತ್ತಿತ್ತು. ಜನವರಿಯ ಅಟ್ಲಾಂಟಿಕ್ ಬಿರುಗಾಳಿಯಲ್ಲೂ ಅಲೆಗಳನ್ನು ಸೀಳಿಕೊಂಡು ಹೋಗಬೇಕಿತ್ತು. ಹಾಗಾಗಿ ಚೂಪಾದ ಉದ್ದ ಮೂತಿ, ದಪ್ಪ ಉಕ್ಕು, ನೀರಿನೊಳಗೆ ಆಳಕ್ಕೆ ಇಳಿದ ಮೈ, ಬೇಕಾದ್ದಕ್ಕಿಂತ ಹೆಚ್ಚು ಶಕ್ತಿಯ ಎಂಜಿನ್. ಕ್ವೀನ್ ಮೇರಿಯ ಎಂಜಿನ್‌ಗಳ ಬಲ 1,60,000 ಅಶ್ವಶಕ್ತಿ. ಆ ಹಡಗಿನ ಚಂದ ಎಲ್ಲಾ ಈ ಅಗತ್ಯದಿಂದಲೇ ಬಂದದ್ದು ಅಂತ ನನಗೆ ಅನಿಸುತ್ತದೆ.

ಅದು ಹುಟ್ಟಿದ ಕತೆ ಕೇಳು. ಸ್ಕಾಟ್ಲೆಂಡಿನ ಕ್ಲೈಡ್‌ಬ್ಯಾಂಕ್‌ನಲ್ಲಿ ಜಾನ್ ಬ್ರೌನ್ ಕಂಪನಿಯ ಹಡಗುಕಟ್ಟೆ. ಹಡಗಿಗೆ ಆಗ ಹೆಸರಿಲ್ಲ, ಬರೀ ನಂಬರ್ 534. ಮಹಾ ಆರ್ಥಿಕ ಕುಸಿತದ ಹೊಡೆತಕ್ಕೆ 1931ರ ಡಿಸೆಂಬರಿನಲ್ಲಿ ಕೆಲಸ ನಿಂತುಹೋಯಿತು. ಸಾವಿರಾರು ಜನ ಕ್ರಿಸ್‌ಮಸ್ ಮುಂಚೆ ಕೆಲಸ ಕಳೆದುಕೊಂಡರು. ಎರಡು ವರ್ಷಕ್ಕೂ ಮಿಕ್ಕಿ ಆ ಅರೆಬರೆ ಉಕ್ಕಿನ ಗೂಡು ಊರಿನ ಮನೆಗಳ ಮೇಲೆ ಹಾಗೇ ತುಕ್ಕು ಹಿಡಿಯುತ್ತ ನಿಂತಿತ್ತು. ಹಡಗಿನ ಒಡೆತನದ ಕುನಾರ್ಡ್ ಕಂಪನಿ ತನ್ನ ಪ್ರತಿಸ್ಪರ್ಧಿ ವೈಟ್ ಸ್ಟಾರ್ ಕಂಪನಿಯ ಜೊತೆ ಒಂದಾಗಬೇಕು ಅನ್ನುವ ಷರತ್ತಿನ ಮೇಲೆ ಬ್ರಿಟಿಷ್ ಸರ್ಕಾರ ಸಾಲ ಕೊಟ್ಟಿತು. 1934ರ ಏಪ್ರಿಲಿನಲ್ಲಿ ಕೆಲಸಗಾರರು ವಾಪಸ್ ಬಂದರು. ಅದೇ ಸೆಪ್ಟೆಂಬರಿನಲ್ಲಿ ಹಡಗು ನೀರಿಗಿಳಿಯಿತು. 1936ರ ಮೇ 27ರಂದು ಸೌತಾಂಪ್ಟನ್ನಿನಿಂದ ನ್ಯೂಯಾರ್ಕಿಗೆ ಮೊದಲ ಯಾನ. ಒಂದು ಇಡೀ ಊರಿನ ಅನ್ನ ಆ ಹಡಗಿನಲ್ಲಿತ್ತು. ಒಳಗೆ ಹೋದಾಗ ಅದು ನೆನಪಿರಲಿ.

ಹೋದವನು ಮೊದಲು ಉದ್ದನೆಯ ಕಾರಿಡಾರಿನಲ್ಲಿ ಸುಮ್ನೆ ನಿಂತು ನೋಡು. ನೆಲ ನೇರವಾಗಿ ಇಲ್ಲ. ನಡುವಿನಲ್ಲಿ ತಗ್ಗಿ, ಎರಡು ತುದಿಗಳ ಕಡೆ ಮೆಲ್ಲಗೆ ಮೇಲೇರುತ್ತದೆ. ಬೆಟ್ಟದ ಬುಡದಲ್ಲಿ ನಿಂತವರಂತೆ ದೂರದ ಬಾಗಿಲು ಸ್ವಲ್ಪ ಎತ್ತರದಲ್ಲಿ ಕಾಣುತ್ತದೆ. ದೊಡ್ಡ ಅಲೆ ಬಂದಾಗ ಮೂತಿ ಮುಳುಗದೆ ಎದ್ದು ನಿಲ್ಲಲಿ ಅಂತ ಹಡಗಿನ ಮೈಯನ್ನೇ ಹಾಗೆ ಬಾಗಿಸಿ ಕಟ್ಟುತ್ತಿದ್ದರು. ಗೋಡೆಗಳೆಲ್ಲ ಮರ, ಐವತ್ತಕ್ಕೂ ಹೆಚ್ಚು ಜಾತಿಯ ಮರಗಳ ತೆಳುಹಲಗೆ. ಕೈ ಸವರಿ ನೋಡಿದರೆ ಒಂದೊಂದು ಕೋಣೆಯಲ್ಲಿ ಒಂದೊಂದು ಬಣ್ಣ, ಒಂದೊಂದು ನವಿರು.

ಮೊದಲ ದರ್ಜೆಯ ಊಟದ ಹಾಲಿನಲ್ಲಿ ಗೋಡೆ ತುಂಬ ಉತ್ತರ ಅಟ್ಲಾಂಟಿಕ್‌ನ ನಕ್ಷೆ ಇದೆ. ಒಂದು ಕಡೆ ಇಂಗ್ಲೆಂಡ್, ಇನ್ನೊಂದು ಕಡೆ ನ್ಯೂಯಾರ್ಕ್, ನಡುವೆ ಎರಡು ದಾರಿ. ಋತು ನೋಡಿ ಯಾವ ದಾರಿ ಅಂತ ತೀರ್ಮಾನ. ಗಾಜಿನ ಪುಟ್ಟ ಹಡಗೊಂದು ಆ ದಾರಿಯ ಮೇಲೆ ಚಲಿಸುತ್ತ, ನಿಜವಾದ ಹಡಗು ಎಲ್ಲಿದೆ ಅಂತ ತೋರಿಸುತ್ತಿತ್ತು. ಊಟಕ್ಕೆ ಕೂತವರು ತಲೆ ಎತ್ತಿದರೆ ಸಾಕು, ನಿನ್ನೆಗಿಂತ ಎಷ್ಟು ದೂರ ಬಂದೆವು ಅಂತ ಗೊತ್ತಾಗುತ್ತಿತ್ತು. ಈಗ ವಿಮಾನದಲ್ಲಿ ಸೀಟಿನ ಹಿಂದೆ ಪರದೆ ಮೇಲೆ ಅದೇ ತೋರಿಸುತ್ತಾರೆ. ಆದರೆ ಇಲ್ಲಿ ದೂರ ಮೈಗೆ ತಾಗುತ್ತಿತ್ತು.

ಯುದ್ಧ ಬಂದಾಗ ಇಷ್ಟೆಲ್ಲ ವೈಭವದ ಹಡಗಿಗೆ ಬೂದು ಬಣ್ಣ ಬಳಿದು ಸೈನಿಕರನ್ನು ತುಂಬಿದರು. 1943ರ ಜುಲೈನಲ್ಲಿ ಒಂದೇ ಯಾನದಲ್ಲಿ 16,683 ಜನ! ಒಂದೇ ಹಡಗಿನಲ್ಲಿ ಅಷ್ಟು ಜನ ಹೋದದ್ದು ಅದೇ ದಾಖಲೆ. ಜಲಾಂತರ್ಗಾಮಿಗಳ ಕೈಗೆ ಸಿಗದೆ ಉಳಿದದ್ದು ಬರೀ ವೇಗದಿಂದ. ಆ ವೇಗಕ್ಕೆ ಬೆಲೆಯೂ ತೆರಬೇಕಾಯಿತು. 1942ರ ಅಕ್ಟೋಬರ್ 2ರಂದು ತನ್ನ ಬೆಂಗಾವಲಿಗೆ ಬಂದಿದ್ದ ಕುರಸೋವಾ ಯುದ್ಧನೌಕೆಗೆ ಡಿಕ್ಕಿ ಹೊಡೆದು ಅದನ್ನು ಎರಡು ತುಂಡು ಮಾಡಿತು. ನಿಲ್ಲಬಾರದು ಅನ್ನುವ ಆಜ್ಞೆ ಇತ್ತು, ನಿಲ್ಲಲಿಲ್ಲ. ಮುನ್ನೂರಕ್ಕೂ ಹೆಚ್ಚು ನಾವಿಕರು ನೀರುಪಾಲಾದರು. ಈ ಹಡಗನ್ನು ಎಷ್ಟೇ ಪ್ರೀತಿಸಿದರೂ ಆ ದಿನವನ್ನು ಬಿಟ್ಟು ಅದರ ಕತೆ ಹೇಳಲು ನನಗೆ ಮನಸ್ಸು ಬರುವುದಿಲ್ಲ.

ಆದರೆ ನನಗೆ ಲೈನರ್‌ಗಳ ಹುಚ್ಚು ಹತ್ತಿದ್ದು ಈ ವೈಭವ ನೋಡಿ ಅಲ್ಲ. ಆ ಹಡಗುಗಳು ಜನರಿಗೆ ಕೊಟ್ಟ ಖಾಲಿ ದಿನಗಳನ್ನು ನೆನೆದು. ಒಂದು ದಡ ಬಿಟ್ಟಾಗಿದೆ, ಇನ್ನೊಂದು ಸಿಕ್ಕಿಲ್ಲ. ಯಾರೂ ಕರೆಯುವುದಿಲ್ಲ, ಯಾರ ಮನೆಗೂ ಹೋಗಬೇಕಾಗಿಲ್ಲ. ಸುತ್ತ ನೀರು. ಆ ದಿನಗಳಲ್ಲಿ ಏನೇನಾಯಿತು ಗೊತ್ತಾ?

1921ರ ಬೇಸಿಗೆಯಲ್ಲಿ ನಮ್ಮ ಸಿ.ವಿ. ರಾಮನ್ ಕಲ್ಕತ್ತ ವಿಶ್ವವಿದ್ಯಾಲಯದ ಪ್ರತಿನಿಧಿಯಾಗಿ ಆಕ್ಸ್‌ಫರ್ಡಿಗೆ ಹೋಗಿದ್ದರು. ಆಗಿನ್ನೂ ಅವರು ಬೆಂಗಳೂರಿಗೆ ಬಂದಿರಲಿಲ್ಲ, ಬಂದದ್ದು 1933ರಲ್ಲಿ. ಮೆಡಿಟರೇನಿಯನ್ ಸಮುದ್ರದ ಆ ದಟ್ಟ ನೀಲಿ ಅವರನ್ನು ಹಿಡಿದುಬಿಟ್ಟಿತು. ಆಕಾಶದ ನೀಲಿಯೇ ನೀರಿನಲ್ಲಿ ಪ್ರತಿಫಲಿಸಿ ಹಾಗೆ ಕಾಣುತ್ತದೆ ಅಂತ ದೊಡ್ಡ ವಿಜ್ಞಾನಿ ಲಾರ್ಡ್ ರೇಲಿ ಹೇಳಿದ್ದರು. ವಾಪಸ್ ಬರುವಾಗ ರಾಮನ್ ಹತ್ತಿದ್ದು ಪಿ ಅಂಡ್ ಓ ಕಂಪನಿಯ ನರ್ಕುಂಡಾ. ಡೆಕ್ಕಿನ ಮೇಲೆ ನಿಂತು, ಜೇಬಿನಲ್ಲಿ ಹಿಡಿಸುವಂಥ ನಿಕೋಲ್ ಪ್ರಿಸಮ್ (ಒಂದೇ ದಿಕ್ಕಿನಲ್ಲಿ ಕಂಪಿಸುವ ಬೆಳಕನ್ನಷ್ಟೇ ಒಳಗೆ ಬಿಡುವ ಹರಳು) ಕಣ್ಣಿಗಿಟ್ಟುಕೊಂಡು, ಒಂದು ನಿರ್ದಿಷ್ಟ ಕೋನದಲ್ಲಿ ನೀರನ್ನು ನೋಡಿದರು. ಆ ಕೋನದಲ್ಲಿ ನೀರಿನ ಮೇಲ್ಮೈಯಿಂದ ಚಿಮ್ಮುವ ಆಕಾಶದ ಬೆಳಕನ್ನು ಪ್ರಿಸಮ್ ತಡೆದುಬಿಡುತ್ತದೆ. ಆಕಾಶದ್ದೇ ಬಣ್ಣವಾಗಿದ್ದರೆ ಆಗ ನೀಲಿ ಹೋಗಬೇಕಿತ್ತು. ಹೋಗಲಿಲ್ಲ, ಇನ್ನೂ ಗಾಢವಾಯಿತು. ಅಂದರೆ ನೀರೇ ಬೆಳಕನ್ನು ಚದುರಿಸುತ್ತಿದೆ. ಈ ಕುರಿತು 'ನೇಚರ್' ಪತ್ರಿಕೆಗೆ ಅವರು ಬರೆದ ಟಿಪ್ಪಣಿಯ ವಿಳಾಸವೇ 'ಎಸ್.ಎಸ್. ನರ್ಕುಂಡಾ, ಬಾಂಬೆ ಬಂದರು', ತಾರೀಕು ಸೆಪ್ಟೆಂಬರ್ 26. ಮನೆ ಸೇರುವ ತನಕವೂ ಕಾಯಲಿಲ್ಲ! ಅಲ್ಲಿಂದ ಶುರುವಾದ ದಾರಿ 1928ರ ಫೆಬ್ರವರಿ 28ರ ರಾಮನ್ ಪರಿಣಾಮಕ್ಕೆ, 1930ರ ನೊಬೆಲ್ಲಿಗೆ ಹೋಯಿತು.

ಅದೇ 1930ರ ಜುಲೈ 31ರಂದು ರಾಮನ್ನರ ಅಣ್ಣನ ಮಗ, ಹತ್ತೊಂಬತ್ತರ ಹುಡುಗ ಚಂದ್ರಶೇಖರ್, ಬೊಂಬಾಯಿಯಲ್ಲಿ ಲಾಯ್ಡ್ ಟ್ರಿಯೆಸ್ಟಿನೊ ಕಂಪನಿಯ ಪಿಲ್ಸ್ನಾ ಹಡಗು ಹತ್ತಿದ. ಕೇಂಬ್ರಿಜ್‌ಗೆ ಹೊರಟಿದ್ದ. ಮೊದಮೊದಲು ಅರಬ್ಬೀ ಸಮುದ್ರದ ಮಳೆಗಾಲದ ಅಲೆಗಳಲ್ಲಿ ಹೈರಾಣಾದ. ಸಮುದ್ರ ಶಾಂತವಾದ ಮೇಲೆ ಕೂತು ಲೆಕ್ಕ ಹಾಕಲು ಶುರುಮಾಡಿದ. ಉರಿದು ಮುಗಿದ ನಕ್ಷತ್ರ ತನ್ನ ಭಾರಕ್ಕೆ ತಾನೇ ಕುಗ್ಗುತ್ತ ಹೋಗಿ ಎಲ್ಲಿ ನಿಲ್ಲುತ್ತದೆ? ಒಂದು ಮಿತಿಗಿಂತ ಭಾರವಾಗಿದ್ದರೆ ಹಾಗೆ ನಿಲ್ಲಲು ಆಗುವುದೇ ಇಲ್ಲ ಅಂತ ಹಡಗಿನಲ್ಲೇ ಅವನಿಗೆ ಹೊಳೆಯಿತು. ಇವತ್ತು ಅದು ಚಂದ್ರಶೇಖರ್ ಮಿತಿ, ನಮ್ಮ ಸೂರ್ಯನ ಸುಮಾರು 1.4 ಪಟ್ಟು. ಅದಕ್ಕೆ ಮನ್ನಣೆಯ ನೊಬೆಲ್ ಸಿಗಲು 1983 ಆಯಿತು. ಚಿಕ್ಕಪ್ಪ ಬರುವ ಹಡಗಿನಲ್ಲಿ, ಮಗ ಹೋಗುವ ಹಡಗಿನಲ್ಲಿ. ಇಬ್ಬರಿಗೂ ಕಡಲೇ ಕೆಲಸದ ಕೋಣೆಯಾಯಿತು.

ಇವರಿಬ್ಬರಿಗಿಂತ ಮುಂಚೆ, 1909ರ ನವೆಂಬರ್ 13ರಿಂದ 22ರವರೆಗೆ, ಲಂಡನ್ನಿನಿಂದ ದಕ್ಷಿಣ ಆಫ್ರಿಕಕ್ಕೆ ಮರಳುತ್ತ ಕಿಲ್ಡೋನನ್ ಕಾಸಲ್ ಹಡಗಿನಲ್ಲಿ ಗಾಂಧೀಜಿ 'ಹಿಂದ್ ಸ್ವರಾಜ್' ಬರೆದು ಮುಗಿಸಿದರು. ಹಡಗಿನದೇ ಕಾಗದ. ಬಲಗೈ ಸೋತಾಗ ಎಡಗೈಯಲ್ಲಿ ಬರೆದರು. ಯಂತ್ರ ನಾಗರಿಕತೆಯನ್ನು ಅಷ್ಟು ಕಟುವಾಗಿ ಪ್ರಶ್ನಿಸಿದ ಪುಸ್ತಕಕ್ಕೆ ಬಿಡುವು ಕೊಟ್ಟದ್ದು ಒಂದು ಹಬೆಯಂತ್ರ. ಇದೇ ಗಾಂಧೀಜಿ 1888ರಲ್ಲಿ ಮೊದಲ ಸಲ ಹಡಗು ಹತ್ತಿದಾಗ ಚಾಕು, ಫೋರ್ಕು ಹಿಡಿಯಲು ಬಾರದೆ, ಯಾವುದರಲ್ಲಿ ಮಾಂಸ ಇದೆ ಅಂತ ಕೇಳಲು ನಾಚಿ, ಮನೆಯಿಂದ ತಂದ ಸಿಹಿ ಮತ್ತು ಹಣ್ಣು ತಿಂದುಕೊಂಡು ಕ್ಯಾಬಿನ್ನಿನಲ್ಲೇ ಕೂತಿದ್ದರು. ಕಡಲು ದಾಟಲು ಹೊರಟದ್ದಕ್ಕೆ ಜಾತಿಯವರು ಹೊರಗೆ ಹಾಕಿದ್ದರು. ಆ ಕಾಲದಲ್ಲಿ ನಮ್ಮವರಿಗೆ ಹಡಗು ಹತ್ತುವುದೇ ಅರ್ಧ ಬಂಡಾಯ.

ಈ ಬಿಡುವು ಹಡಗಿನಲ್ಲಿ ಎಲ್ಲರಿಗೂ ಸಿಗುತ್ತಿರಲಿಲ್ಲ ಅನ್ನುವುದನ್ನೂ ಹೇಳಲೇಬೇಕು. ಪಿ ಅಂಡ್ ಓ ಹಡಗುಗಳನ್ನು ನಡೆಸುತ್ತಿದ್ದದ್ದು ಬಹುಪಾಲು ನಮ್ಮ ದೇಶದ ಖಲಾಸಿಗಳು. ಊಟ ಬಡಿಸುವವರು ಹೆಚ್ಚಾಗಿ ಗೋವಾದವರು. ಕಲ್ಲಿದ್ದಲಿನ ಕಾಲದಲ್ಲಿ, ಕೆಂಪು ಸಮುದ್ರದಲ್ಲಿ ಪ್ರಯಾಣಿಕರು ಸೆಕೆ ತಡೆಯಲಾರದೆ ಡೆಕ್ಕಿನ ಮೇಲೆ ಹಾಸಿಗೆ ಹಾಸಿ ಮಲಗುವಾಗ, ಕೆಳಗೆ ಬಾಯ್ಲರಿನ ಬಾಯಿಗೆ ಕಲ್ಲಿದ್ದಲು ಎಸೆಯುತ್ತಿದ್ದವರೂ ಅವರೇ. ಬಿಳಿಯ ನಾವಿಕರ ಸಂಬಳದ ಒಂದು ಪಾಲು ಮಾತ್ರ ಅವರಿಗೆ. ಹಳೇ ಪೋಸ್ಟರುಗಳಲ್ಲಿ ಅವರ ಮುಖ ಹುಡುಕಿದರೂ ಸಿಗುವುದು ಅಪರೂಪ. ಸಿಕ್ಕರೂ ಕೈಯಲ್ಲಿ ತಟ್ಟೆ ಇರುತ್ತದೆ.

ಬೊಂಬಾಯಿಯ ಬ್ಯಾಲಾರ್ಡ್ ಪಿಯರ್ ಆಗ ದೇಶದ ಹೆಬ್ಬಾಗಿಲು. ಹಡಗಿನಿಂದ ಇಳಿದವರನ್ನೂ ಟಪಾಲನ್ನೂ ಅಲ್ಲಿಂದಲೇ ಹೊತ್ತುಕೊಂಡು ಹೋಗಲೆಂದು ರೈಲುಗಳಿದ್ದವು. 1928ರಲ್ಲಿ ಶುರುವಾದ ಫ್ರಾಂಟಿಯರ್ ಮೇಲ್ ಪೇಶಾವರದವರೆಗೂ ಓಡುತ್ತಿತ್ತು. 1930ರ ದಶಕದಲ್ಲಿ ಬಂದ ಸ್ಟ್ರಾಥ್‌ನೇವರ್, ಸ್ಟ್ರಾಥೇರ್ಡ್ ಹಡಗುಗಳಿಗೆ ಬಿಳಿ ಮೈ, ಹಳದಿ ಚಿಮಣಿ. ಮೂರು ಚಿಮಣಿಗಳಲ್ಲಿ ಎರಡು ಸುಳ್ಳು ಚಿಮಣಿ! ಹೊಗೆ ಬರುತ್ತಿದ್ದದ್ದು ನಡುವಿನದರಿಂದ ಮಾತ್ರ. ಮೂರಿದ್ದರೆ ಜನರ ಕಣ್ಣಿಗೆ ದೊಡ್ಡ ಹಡಗು, ಗಟ್ಟಿ ಹಡಗು. ಯುದ್ಧ ಮುಗಿದ ಮೇಲೆ ಆ ಎರಡನ್ನೂ ಕಿತ್ತುಹಾಕಿದರು. ರಾಮನ್ ಬಂದ ನರ್ಕುಂಡಾ ಯುದ್ಧದಿಂದ ವಾಪಸಾಗಲೇ ಇಲ್ಲ. 1942ರ ನವೆಂಬರ್ 14ರಂದು ಅಲ್ಜೀರಿಯದ ಕರಾವಳಿಯಲ್ಲಿ ಬಾಂಬು ಬಿದ್ದು ಮುಳುಗಿತು. ರಾಮನ್ ಬಣ್ಣದ ಗುಟ್ಟು ಹುಡುಕಿದ ಅದೇ ಮೆಡಿಟರೇನಿಯನ್ ಸಮುದ್ರದಲ್ಲಿ.

ಉಳಿದವನ್ನು ಮುಗಿಸಿದ್ದು ಜೆಟ್ ವಿಮಾನ. 1958ರಲ್ಲಿ ಅದು ಅಟ್ಲಾಂಟಿಕ್ ಮೇಲೆ ಹಾರಿತು, 1960ರಲ್ಲಿ ಏರ್ ಇಂಡಿಯಾಗೂ ಬೋಯಿಂಗ್ 707 ಬಂತು. ನಾಲ್ಕೈದು ದಿನದ ದಾರಿ ಏಳೆಂಟು ಗಂಟೆಗೆ ಇಳಿದರೆ ಯಾರು ಹಡಗು ಹತ್ತುತ್ತಾರೆ? 1967ರಲ್ಲಿ ಸೂಯೆಜ್ ಕಾಲುವೆ ಮುಚ್ಚಿ ನಮ್ಮ ಕಡೆಯ ದಾರಿಯೂ ತುಂಡಾಯಿತು. ಅದೇ ವರ್ಷ ಕ್ವೀನ್ ಮೇರಿಯನ್ನು ಮಾರಿದರು. ಅದರ ತಂಗಿ ಕ್ವೀನ್ ಎಲಿಜಬೆತ್ 1972ರಲ್ಲಿ ಹಾಂಗ್‌ಕಾಂಗ್ ಬಂದರಿನಲ್ಲಿ ಬೆಂಕಿಗೆ ಬಿತ್ತು. ಇವೆಲ್ಲವಕ್ಕಿಂತ ವೇಗದ್ದು ಅಮೆರಿಕದ ಯುನೈಟೆಡ್ ಸ್ಟೇಟ್ಸ್ ಹಡಗು. 1952ರಲ್ಲಿ ಮೂರು ದಿನ, ಹತ್ತು ಗಂಟೆ, ನಲವತ್ತು ನಿಮಿಷದಲ್ಲಿ ಅಟ್ಲಾಂಟಿಕ್ ದಾಟಿತ್ತು. ಬೆಂಕಿಯ ಭಯಕ್ಕೆ ಅದರ ವಿನ್ಯಾಸಗಾರ ವಿಲಿಯಂ ಫ್ರಾನ್ಸಿಸ್ ಗಿಬ್ಸ್ ಒಳಗೆ ಮರವನ್ನೇ ಬಳಸಲು ಬಿಟ್ಟಿರಲಿಲ್ಲ, ಪಿಯಾನೊ ಮತ್ತು ಅಡುಗೆಮನೆಯ ಮಾಂಸ ಕಡಿಯುವ ಹಲಗೆ ಬಿಟ್ಟರೆ. 1996ರಿಂದ ಫಿಲಡೆಲ್ಫಿಯಾದಲ್ಲಿ ಬಣ್ಣ ಕಿತ್ತು ನಿಂತಿತ್ತು. 2025ರ ಫೆಬ್ರವರಿಯಲ್ಲಿ ಅದನ್ನು ಅಲಬಾಮಾಕ್ಕೆ ಎಳೆದುಕೊಂಡು ಹೋದರು. ಶುಚಿ ಮಾಡಿ ಫ್ಲಾರಿಡಾ ಕಡಲಿನಲ್ಲಿ ಮುಳುಗಿಸಿ, ಮೀನುಗಳಿಗೆ ಕೃತಕ ದಿಬ್ಬ ಮಾಡಬೇಕು ಅಂತ. ಮುಳುಕುಗಾರರಿಗೆ ಒಳ್ಳೆಯದೇ ಇರಬಹುದು. ನನಗಂತೂ ಆ ಸುದ್ದಿ ಓದಿ ಅನ್ನ ಇಳಿಯಲಿಲ್ಲ.

ಅದಕ್ಕೇ ಹೇಳುತ್ತಿರುವುದು, ಉಳಿದಿರುವುದನ್ನು ನೋಡಿ ಬಾ. ಕ್ವೀನ್ ಮೇರಿಯ ಬಾಯ್ಲರ್‌ಗಳನ್ನು ತೆಗೆದುಹಾಕಿದ್ದಾರೆ, ಆದರೆ ಹಿಂದಿನ ಎಂಜಿನ್ ರೂಮು ಉಳಿದಿದೆ. ಮೆಟ್ಟಿಲಿಳಿದು ಹೋಗು. ಇನ್ನೂ ಕೆಳಗೆ ಹಡಗಿನ ಪಕ್ಕಕ್ಕೆ ಉಕ್ಕಿನ ದೊಡ್ಡ ಪೆಟ್ಟಿಗೆಯೊಂದನ್ನು ಕೂರಿಸಿ, ಉಳಿದಿರುವ ಒಂದೇ ಒಂದು ಪ್ರೊಪೆಲ್ಲರನ್ನು ನೀರೊಳಗೆ ದೀಪ ಹಾಕಿ ತೋರಿಸುತ್ತಾರೆ. ನಾಲ್ಕು ರೆಕ್ಕೆ, ಮೂವತ್ತು ಟನ್ನಿಗೂ ಜಾಸ್ತಿ ತೂಕ. ಅಂಥ ನಾಲ್ಕು ತಿರುಗಿದಾಗ ಹಡಗು ಗಂಟೆಗೆ ಐವತ್ತು ಕಿಲೋಮೀಟರಿನ ಮೇಲೆ ಓಡುತ್ತಿತ್ತು.

ಎರಡು ಗಂಟೆಯ ಟೂರ್ ಸಾಲದು, ಮಗಳಿಗೆ ಮೊದಲೇ ಹೇಳಿಡು, ಇಡೀ ದಿನ ಬೇಕು. ಈಗ ಅದರಲ್ಲೇ ಹೋಟೆಲೂ ಇದೆ. ಆಗುವುದಾದರೆ ಒಂದು ರಾತ್ರಿ ಉಳಿದುಕೊಳ್ಳಿ. ಮಂಡಿ ನೋವು ಅಂತ ಎಂಜಿನ್ ರೂಮು ಬಿಡಬೇಡ, ನಿಧಾನ ಇಳಿ. ಫೋಟೋ ತೆಗೆದು ವಾಟ್ಸಾಪಿನಲ್ಲಿ ಹಾಕು, ಬೇಡ ಅನ್ನುವುದಿಲ್ಲ. ಆದರೆ ಕಾಗದದಲ್ಲಿ ಎರಡು ಪುಟ ಬರೆದು ಅಂಚೆಗೂ ಹಾಕು. ಎಷ್ಟು ತಡವಾದರೂ ಪರವಾಗಿಲ್ಲ.

ಅತ್ತಿಗೆಗೂ ಮಕ್ಕಳಿಗೂ ನನ್ನ ನಮಸ್ಕಾರ ತಿಳಿಸು.

ಇಂತಿ ನಿನ್ನ
ಗೆಳೆಯ